ಸಹಿಗೆ ಮುಂಚೆ ನಾನು ಬಿಟ್ಟ ಎರಡು ವಾಕ್ಯ

ಹೋದ ವಾರ ಇಬ್ಬರು ಹುಡುಗಿಯರು ಫೋನ್ ಮಾಡಿದ್ದರು. ಸಿಯಾಟಲ್ ಸುತ್ತಲಿನ ಆಸ್ಪತ್ರೆಗಳಲ್ಲಿ ಡಾಕ್ಟರ, ರೋಗಿಯ ಮಾತು ದಾಟಿಸುವ ಕನ್ನಡ ಇಂಟರ್‌ಪ್ರಿಟರ್ ಆಗಬೇಕೆಂದು ಪರೀಕ್ಷೆ ಕಟ್ಟಿದವರು. ಪುಸ್ತಕ ಓದಿದ್ದಾರೆ, ದೇಹದ ಭಾಗಗಳ ಹೆಸರೆಲ್ಲ ಬಾಯಿಪಾಠ. ಒಬ್ಬಳು ಮಾತ್ರ ಕೊನೆಗೆ, "ನಿಜವಾಗ್ಲೂ ಕೆಲಸ ಹೇಗಿರುತ್ತೆ ಆಂಟಿ?" ಅಂತ ಕೇಳಿದಳು. ಒಲೆಯ ಮೇಲೆ ಹಾಲಿದೆ ಎಂದು ಹೇಳಿ ಫೋನ್ ಇಟ್ಟೆ. ಒಲೆಯ ಮೇಲೆ ಹಾಲಿರಲಿಲ್ಲ. ಉತ್ತರ ಉದ್ದವಿತ್ತು, ಅದರಲ್ಲಿ ನನಗೆ ನಾಚಿಕೆಯಾಗುವ ಭಾಗವೂ ಇತ್ತು. ಅದನ್ನು ಇಲ್ಲಿ ಬರೆಯುತ್ತೇನೆ.

ನಾನು ಗೃಹಿಣಿ. ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ, ವಿಮಾನ ಕಂಪನಿಯಲ್ಲಿ ಎಂಜಿನಿಯರಾಗಿದ್ದ ಗಂಡನ ಜೊತೆ ಇಲ್ಲಿಗೆ ಬಂದವಳು. ಸಿಯಾಟಲ್ ಪಕ್ಕದ ನ್ಯೂಕ್ಯಾಸಲ್‌ನ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು ಬೆಳೆದು ಕಾಲೇಜಿಗೆ ಹೋದ ಮೇಲೆ ಮನೆ ತುಂಬ ಸುಮ್ಮನಾಯಿತು. ಅಮ್ಮನ ಹತ್ತಿರ ಉರ್ದು, ಬೀದಿಯಲ್ಲಿ ಕನ್ನಡ, ಸಿಸ್ಟರ್‌ಗಳ ಎದುರು ಇಂಗ್ಲಿಷ್ ಮಾತಾಡಿ ಬೆಳೆದ ನಾಲಿಗೆ ನನ್ನದು. ಪಕ್ಕದ ಮನೆಯ ನರ್ಸ್ ಒಬ್ಬರು ಇದನ್ನು ಗಮನಿಸಿ ತರಬೇತಿಗೆ ಸೇರಿಸಿದರು. ಹೀಗೆ ನಲವತ್ತೇಳನೇ ವಯಸ್ಸಿನಲ್ಲಿ ಮಕ್ಕಳ ಆಸ್ಪತ್ರೆಯ ಬ್ಯಾಡ್ಜ್ ಕೊರಳಿಗೆ ಬಂತು. ಫೋಟೋದಲ್ಲಿ ನನ್ನ ದುಪಟ್ಟಾ ಒಂದು ಕಡೆ ಜಾರಿತ್ತು. ಕೆಲಸ ಬಿಡುವವರೆಗೂ ಆ ಫೋಟೋ ನೋಡಿದಾಗಲೆಲ್ಲ ಅದನ್ನು ಸರಿಮಾಡಬೇಕು ಅನಿಸುತ್ತಿತ್ತು.

ನನಗೆ ಹೆಚ್ಚಾಗಿ ಬರುತ್ತಿದ್ದ ಕರೆಗಳು ಹೃದಯದ ವಿಭಾಗದಿಂದ. ಹೃದಯದಿಂದ ಹೊರಟು, ಊರುಗೋಲಿನ ಹಿಡಿಯಂತೆ ಬಾಗಿ, ಕೆಳಗಿಳಿಯುವ ದೊಡ್ಡ ರಕ್ತನಾಳಕ್ಕೆ ಮಹಾಪಧಮನಿ ಅನ್ನುತ್ತಾರೆ. ಕೆಲವು ಕೂಸುಗಳಿಗೆ ಆ ಬಾಗಿನ ಹತ್ತಿರ, ಯಾರೋ ದಾರ ಸುತ್ತಿ ಬಿಗಿದ ಹಾಗೆ, ನಾಳ ಹುಟ್ಟಿನಿಂದಲೇ ಕಿರಿದಾಗಿರುತ್ತದೆ. ತಲೆಗೆ, ಕೈಗೆ ರಕ್ತ ನುಗ್ಗುತ್ತದೆ. ಹೊಟ್ಟೆಗೆ, ಕಾಲಿಗೆ ಸಾಲದು. ಅದಕ್ಕೇ ಅಲ್ಲಿನ ಡಾಕ್ಟರು ಕೂಸಿನ ಕೈ ನಾಡಿ ನೋಡಿದ ಕೂಡಲೇ ಕಾಲಿನ ನಾಡಿಯನ್ನೂ ಹುಡುಕುವುದು. ನಾನು ಸೇರಿದ ಹೊಸದರಲ್ಲಿ ಮಾತೆಲ್ಲ ಪಕ್ಕೆ ತೆರೆದು ಮಾಡುವ ಆಪರೇಷನ್ ಬಗ್ಗೆಯೇ. ಬರುಬರುತ್ತ ಕ್ಯಾತಿಟರ್ ಮಾತು ಹೆಚ್ಚಾಯಿತು. ತೊಡೆಸಂದಿನ ರಕ್ತನಾಳದಿಂದ ತೆಳ್ಳನೆಯ ಕೊಳವೆ ತೂರಿಸಿ, ಅದರ ತುದಿಯ ಪುಟ್ಟ ಬಲೂನನ್ನು ಕಿರಿದಾದ ಜಾಗದಲ್ಲಿ ಉಬ್ಬಿಸಿ ಅಗಲ ಮಾಡುವುದು. ಆಪರೇಷನ್ ತಡೆದುಕೊಳ್ಳಲಾರದಷ್ಟು ಸೋತ ಹಸುಗೂಸಿಗೆ, ಸುಧಾರಿಸಿಕೊಳ್ಳುವ ತನಕ ಇರಲಿ ಎಂದು, ಒಳಗೆ ಸಣ್ಣ ಜಾಲರಿ ಕೊಳವೆ ಕೂರಿಸುವುದನ್ನೂ ಕಂಡೆ. ಡಾಕ್ಟರು ಮೊದಲು ರೋಗಿಯ ಹಾಸಿಗೆಗೆ ಹೊದಿಸಿದ ಕಾಗದದ ಮೇಲೇ ಪೆನ್ನಿನಿಂದ ಚಿತ್ರ ಬರೆದು ತೋರಿಸುತ್ತಿದ್ದರು, ಆಮೇಲೆ ಟ್ಯಾಬ್ಲೆಟ್‌ನಲ್ಲಿ ತಿರುಗಿಸಿ ತಿರುಗಿಸಿ ತೋರಿಸತೊಡಗಿದರು. ತಾಯಂದಿರು ಕಾಗದದ ಚಿತ್ರವನ್ನು ಹರಿದು ಮನೆಗೆ ಒಯ್ಯುತ್ತಿದ್ದುದು ನೆನಪಿದೆ.

ನಮ್ಮ ಕೆಲಸವೂ ಬದಲಾಯಿತು. ಮೊದಲು ತಾಯಿಯ ಹೆಗಲ ಹಿಂದೆ ಅರ್ಧ ಹೆಜ್ಜೆ ದೂರದಲ್ಲಿ ನಿಲ್ಲುತ್ತಿದ್ದೆ. ಕೊರೊನಾ ಬಂದ ಮೇಲೆ ಎಷ್ಟೋ ಸಲ ಚಕ್ರದ ಕೋಲಿಗೆ ಸಿಕ್ಕಿಸಿದ ಪರದೆಯೊಳಗಿನ ಮುಖವಾದೆ. ಕೆಲವೊಮ್ಮೆ ಬರೀ ಫೋನಿನ ದನಿ.

ನನ್ನ ಮೇಲಧಿಕಾರಿ ಲಾನ್. ಚಿಕ್ಕಂದಿನಲ್ಲೇ ವಿಯೆಟ್ನಾಮಿನಿಂದ ಬಂದು, ಅಪ್ಪ ಅಮ್ಮನಿಗೆ ತಾನೇ ಆಸ್ಪತ್ರೆಯಲ್ಲಿ ಇಂಟರ್‌ಪ್ರಿಟರ್ ಆಗಿ ಬೆಳೆದ ಹೆಂಗಸು. ನನ್ನ ಮೊದಲ ತಿಂಗಳ ತಪ್ಪುಗಳೆಲ್ಲ ಅವರ ನೋಟ್‌ಬುಕ್ಕಿನಲ್ಲಿದ್ದವು. ಒಬ್ಬ ತಾಯಿ ಅತ್ತಾಗ ನಾನೂ ಅತ್ತದ್ದು. ಅಜ್ಜಿಯೊಬ್ಬರನ್ನು ಡಾಕ್ಟರು ಕೇಳಿದ ಪ್ರಶ್ನೆಗೆ ಉತ್ತರ ನನಗೆ ಗೊತ್ತಿದೆ ಎಂದು ನಾನೇ ಹೇಳಿಬಿಟ್ಟದ್ದು. ಒಂದು ಮನೆಯವರು ಕೊಟ್ಟ ಚಕ್ಕುಲಿಯ ಡಬ್ಬಿ ಕೈಚೀಲಕ್ಕೆ ಹಾಕಿಕೊಂಡದ್ದು. ನೀನು ಇಲ್ಲಿ ಯಾರ ಚಿಕ್ಕಮ್ಮನೂ ಅಲ್ಲ ನಸೀಮಾ, ಕೇಳಿದ್ದೆಲ್ಲ ಹೇಳು, ಕೇಳದ್ದು ಸೇರಿಸಬೇಡ ಅನ್ನುತ್ತಿದ್ದರು. ಡಿಕ್ಟೇಷನ್ ಬರೆಸುತ್ತಿದ್ದ ನಮ್ಮ ಕಾನ್ವೆಂಟಿನ ಸಿಸ್ಟರೂ ಅದನ್ನೇ ಹೇಳುತ್ತಿದ್ದರಲ್ಲ ಎಂದು ನನಗೆ ನಗು ಬರುತ್ತಿತ್ತು. ಕೇಳಲು ಅಷ್ಟು ಸುಲಭದ ನಿಯಮ.

ಸವಿತಾಳ ಕೂಸು ಬಂದದ್ದು ನಾನು ಈ ಕೆಲಸದಲ್ಲಿ ಹಳಬಳಾದ ಮೇಲೆ. ಸವಿತಾ ದಾವಣಗೆರೆ ಕಡೆಯವಳು, ಇಪ್ಪತ್ತಾರು ವಯಸ್ಸು. ಗಂಡ ಮಹೇಶ ಫ್ಯಾಕ್ಟೋರಿಯಾ ಬಡಾವಣೆಯ ಟೆಲಿಕಾಂ ಕಂಪನಿಯಲ್ಲಿ ಕೆಲಸಕ್ಕಿದ್ದ. ಮನೆ ಟೋಟೆಮ್ ಲೇಕ್‌ನ ಅಪಾರ್ಟ್‌ಮೆಂಟು. ಬಾಣಂತನಕ್ಕೆಂದು ಅವಳ ತಾಯಿ ಶಾಂತಮ್ಮ ಊರಿನಿಂದ ಬಂದಿದ್ದರು. ಕೂಸಿಗೆ ಒಂಬತ್ತು ದಿನವಾಗಿದ್ದಾಗ ಕಿರಿದಾದ ಜಾಗವನ್ನು ಕತ್ತರಿಸಿ ಜೋಡಿಸುವ ಆಪರೇಷನ್ ಆಗಿತ್ತು. ಮೂರು ತಿಂಗಳಿಗೆ ಆ ಜೋಡಿಸಿದ ಜಾಗವೇ ಮತ್ತೆ ಬಿಗಿಯಾಯಿತು. ಈ ಸಲ ಬಲೂನಿನಿಂದ ಅಗಲಿಸೋಣ ಎಂದು ಡಾಕ್ಟರು ತೀರ್ಮಾನಿಸಿದ್ದರು.

ಮೊದಲ ಆಪರೇಷನ್ ಹೊತ್ತಿಗೆ ಇಂಟರ್‌ಪ್ರಿಟರ್ ಬೇಡ, ಹೆಂಡತಿಗೆ ತಾನೇ ಹೇಳುತ್ತೇನೆ ಎಂದು ಮಹೇಶನೇ ಹೇಳಿದ್ದನಂತೆ. ಆದರೆ ಕ್ಯಾರೊಲ್ ಎಂಬ ನರ್ಸ್ ಒಂದು ವಿಷಯ ಗಮನಿಸಿದ್ದರು. ಡಾಕ್ಟರು ಐದು ನಿಮಿಷ ಮಾತಾಡಿದರೆ ಅವನು ಹೆಂಡತಿಗೆ ಒಂದೇ ವಾಕ್ಯ ಹೇಳುತ್ತಿದ್ದ. ಅದಕ್ಕೇ ಈ ಸಲ ನನ್ನನ್ನು ಕರೆಸಿದ್ದರು.

ಕೋಣೆಯ ಹೊರಗೆ ಶಾಂತಮ್ಮ ಸಿಕ್ಕರು. ನನ್ನ ಬ್ಯಾಡ್ಜ್ ನೋಡಿ, ಹೆಸರು ಕೇಳಿ, ಊರು ಕೇಳಿ, "ಕನ್ನಡ ಭಾಳ ಚಲೋ ಮಾತಾಡ್ತೀರಲ್ರೀ ನೀವು" ಅಂದರು. ಮೈಸೂರಿನವಳಿಗೆ ಯಾರೂ ಹೀಗೆ ಹೇಳುವುದಿಲ್ಲ, ನಸೀಮಾ ಅನ್ನುವವಳಿಗೆ ಮಾತ್ರ ಹೇಳುತ್ತಾರೆ. ನಕ್ಕೆ. ಆಗ ಮಹೇಶ ಬಂದು ನನ್ನನ್ನು ನೀರಿನ ನಲ್ಲಿಯ ಹತ್ತಿರ ಕರೆದ. ಅವನ ಅಂಗಿಯ ಒಂದು ಗುಂಡಿ ತಪ್ಪು ಕಾಜಿಗೆ ಹೋಗಿತ್ತು. ಡಾಕ್ಟರು ಕಾಲು ಹೋಗಬಹುದು, ಜೀವ ಹೋಗಬಹುದು ಅಂತೆಲ್ಲ ಹೇಳುತ್ತಾರೆ, ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿಸುವಾಗ ಹೇಳಲೇಬೇಕಾದ ಮಾತು ಅವು, ತಾನಾಗಲೇ ಕೇಳಿಸಿಕೊಂಡಿದ್ದೇನೆ ಎಂದ.

"ಆ ಎರಡು ಮಾತು ಮಾತ್ರ ಅವಳಿಗೆ ಹೇಳ್ಬೇಡಿ ಆಂಟಿ. ಮೊದಲನೇ ಆಪರೇಷನ್ನಾದಾಗ ನಾಲ್ಕು ದಿನ ಅನ್ನ ಮುಟ್ಟಿರ್ಲಿಲ್ಲ. ಎದೆಹಾಲು ನಿಂತುಹೋದ್ರೆ ಏನು ಮಾಡ್ಲಿ?"

ಶಾಂತಮ್ಮ ದೂರದಿಂದಲೇ ಕೈಮುಗಿದರು. ಬಾಣಂತಿಯ ಎದುರು ಅಶುಭದ ಮಾತು ಆಡಬಾರದು. ಅದನ್ನು ನನಗೆ ಯಾರೂ ವಿವರಿಸಬೇಕಿರಲಿಲ್ಲ. ನನ್ನ ಅಮ್ಮನೂ ನನಗೆ ಹೆರಿಗೆಯಾದಾಗ ಸೋದರಮಾವನ ಸಾವಿನ ಸುದ್ದಿಯನ್ನು ನಲವತ್ತು ದಿನ ಮುಚ್ಚಿಟ್ಟಿದ್ದಳು.

ಇದಕ್ಕೆ ನಾನು ಕೊಡಬೇಕಾಗಿದ್ದ ಉತ್ತರ ತರಬೇತಿಯಲ್ಲಿ ಮೊದಲ ದಿನವೇ ಕಲಿಸಿದ್ದು. ನಾನು ಎಲ್ಲವನ್ನೂ ಹೇಳಲೇಬೇಕು, ಬೇಡವಾದರೆ ನೀವೇ ಡಾಕ್ಟರಿಗೆ ತಿಳಿಸಿ ಎನ್ನಬೇಕು. ನಾನು ಹಾಗೆನ್ನಲಿಲ್ಲ. ಹೂಂ ಎಂದೂ ಅನ್ನಲಿಲ್ಲ. ಆ ಗುಂಡಿಯನ್ನೇ ನೋಡುತ್ತ ನಿಂತೆ.

ಬಲೂನು ಹಾಕಲಿದ್ದ ಹೃದಯದ ಡಾಕ್ಟರು, ಡಾ. ಮಾರ್ಗರೆಟ್, ಒಳಗೆ ಬಂದು ನಿಂತುಕೊಂಡೇ ಮಾತಾಡಿದರು. ಮೃದು ದನಿ, ವೇಗದ ಮಾತು. ಈ ವಯಸ್ಸಿನಲ್ಲಿ ಕಾಲಿನ ರಕ್ತನಾಳ ತುಂಬ ಸಣ್ಣದು, ಕ್ಯಾತಿಟರ್ ಹೋದ ದಾರಿಯಲ್ಲಿ ರಕ್ತ ಹೆಪ್ಪುಗಟ್ಟಬಹುದು, ಆಗ ಕಾಲಿಗೆ ರಕ್ತ ಹೋಗುವುದು ನಿಂತು ಔಷಧಿ ಬೇಕಾಗುತ್ತದೆ, ತೀರ ಅಪರೂಪಕ್ಕೆ ಕಾಲನ್ನೇ ಕಳೆದುಕೊಳ್ಳಬಹುದು. ಮಹಾಪಧಮನಿ ಹರಿಯಬಹುದು, ಮಗು ಸಾಯಬಹುದು, ಅದೂ ಅಪರೂಪ.

ಸವಿತಾ ನನ್ನ ತುಟಿ ನೋಡುತ್ತಿದ್ದಳು. ಅವಳ ಮಡಿಲಲ್ಲಿ ಕೂಸು ಅವಳ ಕಿರುಬೆರಳು ಹಿಡಿದು ಮಲಗಿತ್ತು. ನಾನು ಹೇಳಿದ್ದು ಇಷ್ಟು: "ಕಾಲಿನ ರಕ್ತನಾಳ ಸಣ್ಣದು, ಅಲ್ಲಿ ಸ್ವಲ್ಪ ತೊಂದರೆ ಆಗಬಹುದು, ಅದಕ್ಕೆ ಔಷಧಿ ಇದೆ. ಬೇರೆ ಅಪಾಯಗಳೂ ಇವೆ, ಆದರೆ ಅಪರೂಪ."

ಪ್ರಶ್ನೆ ಇದೆಯಾ ಎಂದು ಡಾಕ್ಟರು ಕೇಳಿದರು. ಸವಿತಾ ಇಲ್ಲವೆಂದು ತಲೆಯಾಡಿಸಿ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿದಳು. ಕನ್ನಡದಲ್ಲಿ, ಗುಂಡಗೆ, ಶಾಲೆಯ ಹುಡುಗಿಯ ಅಕ್ಷರ.

ಬಲೂನಿನ ಕೆಲಸ ಚೆನ್ನಾಗಿಯೇ ಆಯಿತು. ಕಿರಿದಾದ ಜಾಗ ತೆರೆದುಕೊಂಡಿತು. ಬಲಗಾಲಿನ ನಾಡಿ ಮಾತ್ರ ತುಸು ಕ್ಷೀಣವಾಗಿತ್ತು. ನರ್ಸ್‌ಗಳು ಎರಡೂ ಪಾದಗಳ ಮೇಲೆ, ನಾಡಿ ಸಿಗುವ ಜಾಗದಲ್ಲಿ, ಪೆನ್ನಿನಿಂದ ಸಣ್ಣ ಗುರುತು ಹಾಕಿ ಮತ್ತೆ ಮತ್ತೆ ಬಂದು ನೋಡುತ್ತಿದ್ದರು. ಮರುದಿನ ನಾಡಿ ಸುಧಾರಿಸಿತೆಂದು ಮನೆಗೆ ಕಳಿಸಿದರು. ಹೊರಡುವಾಗ ಕ್ಯಾರೊಲ್ ಹೇಳಿದ್ದನ್ನು ನಾನು ಒಂದು ಅಕ್ಷರ ಬಿಡದೆ ಹೇಳಿದೆ. ದಿನಕ್ಕೆ ಹಲವು ಸಲ ಎರಡೂ ಪಾದದ ಸಾಕ್ಸ್ ತೆಗೆದು ನೋಡಿ, ಬಣ್ಣವೋ ಬಿಸಿಯೋ ಬೇರೆಯಾದರೆ ತಕ್ಷಣ ಕರೆಮಾಡಿ. ಸವಿತಾ ಹೂಂ ಎಂದಳು. ಯಾಕೆ ನೋಡಬೇಕು ಎಂದು ಅವಳಿಗೆ ಗೊತ್ತೇ ಇರಲಿಲ್ಲವಲ್ಲ. ಅವಳ ಲೆಕ್ಕಕ್ಕೆ ಅದು ಸೋಪು ಹಾಕಿ ಕೈತೊಳೆಯಿರಿ ಎಂಬಂಥದೇ ಇನ್ನೊಂದು ಮಾತು.

ಆ ಎರಡು ದಿನ ನನಗೆ ಮನೆಯಲ್ಲಿ ನೆಲೆಯಿರಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಗಂಡ ಏನಾಯಿತು ಎಂದು ಕೇಳಿದರೆ, ರೋಗಿಗಳ ವಿಷಯ ಮನೆಯಲ್ಲಿ ಹೇಳುವಂತಿಲ್ಲ ಎಂದೆ. ಆ ನಿಯಮ ಮಾತ್ರ ನನಗೆ ಚೆನ್ನಾಗಿ ನೆನಪಿತ್ತು. ನಾನಾಗಿ ಸವಿತಾಗೆ ಫೋನ್ ಮಾಡುವಂತಿರಲಿಲ್ಲ. ಲಾನ್‌ಗೆ ಮಾಡಬಹುದಿತ್ತು. ಮಾಡಲಿಲ್ಲ.

ಮೂರನೇ ದಿನ ಮಧ್ಯಾಹ್ನ ಆಸ್ಪತ್ರೆಯಿಂದಲೇ ಕರೆ ಬಂತು. ಮನೆಗೆ ಹೋದ ಮಕ್ಕಳನ್ನು ವಿಚಾರಿಸುವ ಮಾಮೂಲಿ ಫೋನು. ಒಂದು ಕಡೆ ಕ್ಯಾರೊಲ್, ಇನ್ನೊಂದು ಕಡೆ ಸವಿತಾ, ನಡುವೆ ಅಡುಗೆಮನೆಯ ಮೇಜಿನ ಮುಂದೆ ಹೆಡ್‌ಫೋನ್ ಹಾಕಿಕೊಂಡ ನಾನು. ಹಾಲು ಕುಡಿಯುತ್ತಿದೆಯಾ? ಕುಡಿಯುತ್ತಿದೆ. ಜ್ವರ? ಇಲ್ಲ. ಗಾಯದಲ್ಲಿ ರಕ್ತ? ಇಲ್ಲ. ಎರಡೂ ಪಾದ ಒಂದೇ ಸಮ ಬೆಚ್ಚಗಿವೆಯಾ? ಸವಿತಾ, "ಹೌದು, ಬೆಚ್ಚಗಿದಾವೆ" ಅಂದಳು. ಅದೇ ಹೊತ್ತಿಗೆ ಹಿಂದಿನಿಂದ, ಪಾತ್ರೆಯ ಸದ್ದಿನ ಜೊತೆ, ಶಾಂತಮ್ಮನ ದನಿ ಕೇಳಿತು.

"ಆ ಕಾಲು ಮುಂಜಾನಿಂದ ತಣ್ಣಗೈತಲ್ಲವ್ವ, ಇನ್ನೊಂದು ಜೊತಿ ಸಾಕ್ಸ್ ಹಾಕು. ಇಲ್ಲಿ ಥಂಡಿ ಭಾಳ."

ಕ್ಯಾರೊಲ್ ಆಗಲೇ ಮುಂದಿನ ಪ್ರಶ್ನೆ ಓದುತ್ತಿದ್ದರು. ನಾನು ತಡೆದೆ. ಇದು ಇಂಟರ್‌ಪ್ರಿಟರ್ ಮಾತಾಡುತ್ತಿರುವುದು, ಹಿಂದೆ ಅಜ್ಜಿ ಹೀಗೆ ಹೇಳಿದರು ಎಂದು ಇದ್ದಂತೆ ಹೇಳಿದೆ. ಸಾಕ್ಸ್ ತೆಗೆದು ನೋಡಲಿ ಎಂದರು ಕ್ಯಾರೊಲ್. ಕೂಸು ಈಗ ತಾನೇ ಮಲಗಿದೆ, ಎದ್ದ ಮೇಲೆ ನೋಡುತ್ತೇನೆ ಎಂದಳು ಸವಿತಾ. ಅವಳ ದನಿಯಲ್ಲಿ ಒಂದಿಷ್ಟೂ ಹೆದರಿಕೆಯಿರಲಿಲ್ಲ. ಆ ಹೆದರಿಕೆಯನ್ನು ಅವಳಿಂದ ತೆಗೆದಿಟ್ಟವಳು ನಾನು. ಈಗ ಕಾಲು ಹೋಗುವುದಿದ್ದರೆ ನಾನು ಆಡದೆ ಉಳಿಸಿದ ಮಾತಿನಿಂದಲೇ ಹೋಗುತ್ತದೆ ಎಂದು ನನಗೆ ಆ ಕ್ಷಣ ಗೊತ್ತಾಯಿತು.

ಆ ಕರೆಗಳು ರೆಕಾರ್ಡ್ ಆಗುತ್ತವೆ, ಹೇಳಿದ್ದು ನನ್ನ ವಿರುದ್ಧವೇ ಉಳಿಯುತ್ತದೆ. ಆದರೂ ಕ್ಯಾರೊಲ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಸಹಿಯ ದಿನ ಡಾಕ್ಟರು ಹೇಳಿದ ಎರಡು ಮಾತನ್ನು ನಾನು ಬಿಟ್ಟಿದ್ದೇನೆ, ಕಾಲು ಹೋಗಬಹುದೆಂದು ತಾಯಿಗೆ ತಿಳಿದಿಲ್ಲ, ದಯವಿಟ್ಟು ನೀವು ಈಗ ಹೇಳಿ, ಈ ಸಲ ನಾನು ಪೂರ್ತಿ ಹೇಳುತ್ತೇನೆ. ಅವರು ಬೈಯಲಿಲ್ಲ, ಯಾಕೆಂದು ಕೇಳಲಿಲ್ಲ, ಸವಿತಾಗೆ ನೇರವಾಗಿ ಹೇಳಿದರು. ನಾನು ಕನ್ನಡದಲ್ಲಿ ಹೇಳಿದೆ.

"ಆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ತಡಮಾಡಿದರೆ ಕಾಲು ಉಳಿಯದೆ ಹೋಗಬಹುದು. ಈಗಲೇ ಸಾಕ್ಸ್ ತೆಗೀರಿ."

ಫೋನು ಎಲ್ಲೋ ಇಟ್ಟ ಸದ್ದು, ಕೂಸು ಕಿರುಗುಟ್ಟಿದ್ದು. ಆಮೇಲೆ ಬೇರೆಯೇ ಹೆಂಗಸಿನಂತಿದ್ದ ದನಿ.

"ಬೆಳ್ಳಗಿದೆ. ಒಂದು ಕಾಲು ಬೆಳ್ಳಗಿದೆ."

ಆಂಬುಲೆನ್ಸ್ ಅವರ ಮನೆಗೆ ಹೋಯಿತು. ಲಾನ್ ನನಗೆ ಫೋನ್ ಮಾಡಿದರು. ಅಷ್ಟರಲ್ಲೇ ಅವರಿಗೆ ತಿಳಿದಿತ್ತು. ಬೇರೆ ಕನ್ನಡದವರು ಸಿಗುತ್ತಿಲ್ಲ, ನೀನೇ ಬಾ, ನಾನು ನಿನ್ನ ಪಕ್ಕದಲ್ಲಿರುತ್ತೇನೆ, ಉಳಿದದ್ದು ಆಮೇಲೆ ಎಂದರು. ಆಸ್ಪತ್ರೆಯ ದಾರಿಯಲ್ಲಿ, ಸೇತುವೆಯ ಮೇಲೆ ಕಾರುಗಳು ಒಂದರ ಹಿಂದೆ ಒಂದು ನಿಂತಿದ್ದವು. ಪಕ್ಕದ ಕಾರಿನ ಹುಡುಗಿ ಹಾಡಿಗೆ ತಲೆ ಕುಣಿಸುತ್ತಿದ್ದಳು. ನನಗೆ ಬಾಯಿಗೆ ಬಂದ ದುವಾಗಳೆಲ್ಲ ಅರ್ಧಕ್ಕೇ ಮರೆತುಹೋಗುತ್ತಿದ್ದವು.

ನಾನು ತಲುಪಿದಾಗ ಡಾ. ಮಾರ್ಗರೆಟ್ ಕೂಸಿನ ಪಾದದ ಮೇಲೆ ಪೆನ್ನಿನಂಥ ಉಪಕರಣ ಇಟ್ಟು ನಾಡಿಯ ಸದ್ದು ಹುಡುಕುತ್ತಿದ್ದರು. ಎಡಗಾಲಿನಲ್ಲಿ ಶೂ ಶೂ ಎಂದು ಕೇಳಿತು. ಬಲಗಾಲಿನಲ್ಲಿ ಬರೀ ಗರಗರ, ರೇಡಿಯೋ ಸ್ಟೇಷನ್ ಸಿಗದಾಗಿನ ಹಾಗೆ. ರಕ್ತ ತೆಳುಮಾಡುವ ಔಷಧಿ ಶುರುಮಾಡಿದರು. ಅದರಿಂದ ಆಗದಿದ್ದರೆ ಹೆಪ್ಪು ಕರಗಿಸುವ ಇನ್ನೂ ಬಲವಾದ ಔಷಧಿ, ಅದರಿಂದ ಮಿದುಳಿನಲ್ಲಿ ರಕ್ತಸ್ರಾವವಾಗಬಹುದು ಎಂದರು. ನಾನು ಪ್ರತಿ ಮಾತನ್ನೂ ಹೇಳಿದೆ. ಲಾನ್ ಹಿಂದಿನಿಂದ ನನ್ನ ಮೊಣಕೈ ಹಿಡಿದಿದ್ದರು. ಆಫೀಸಿನಿಂದ ಓಡಿ ಬಂದಿದ್ದ ಮಹೇಶ ಗೋಡೆಗೆ ಒರಗಿದ್ದ. ಶಾಂತಮ್ಮ ಕಿವಿ ಮುಚ್ಚಿಕೊಂಡರು. ಸವಿತಾ ಮುಚ್ಚಿಕೊಳ್ಳಲಿಲ್ಲ.

ಬಲವಾದ ಔಷಧಿ ಬೇಕಾಗಲಿಲ್ಲ. ಮರುದಿನ ಮಧ್ಯಾಹ್ನ ಗರಗರದೊಳಗಿಂದ ಸಣ್ಣಗೆ, ಬಾಗಿಲಾಚೆ ಯಾರೋ ಪೊರಕೆ ಆಡಿಸಿದ ಹಾಗೆ, ಶೂ ಶೂ ಬಂತು. ಸಂಜೆಯ ಹೊತ್ತಿಗೆ ಬೆರಳುಗಳು ತುಸು ಕೆಂಪಾದವು.

ಆಗ ಸವಿತಾ ನನ್ನ ಕಡೆ ತಿರುಗಿದಳು. ಲಾನ್ ಅಲ್ಲೇ ಇದ್ದರು. ನಾನು ಅವರಿಗೂ ಕೇಳಲಿ ಎಂದು ಎರಡು ಭಾಷೆಯಲ್ಲೂ ಹೇಳುತ್ತ ಹೋದೆ, ನನ್ನದೇ ವಿಚಾರಣೆಗೆ ನಾನೇ ಇಂಟರ್‌ಪ್ರಿಟರ್.

"ಕಾಲಿನ ವಿಷಯ ಅವತ್ತೇ ಹೇಳಿದ್ರಾ ಡಾಕ್ಟರು?"

"ಹೇಳಿದ್ರು."

"ನೀವು ಹೇಳಲಿಲ್ಲ."

"ಇಲ್ಲಮ್ಮ. ಹೇಳಲಿಲ್ಲ."

ಮಹೇಶ ಮುಂದೆ ಬಂದು, ಬೇಡ ಎಂದವನು ತಾನೇ ಎಂದ. ಅವನ ಜೊತೆ ಆಮೇಲೆ ಮಾತಾಡುತ್ತೇನೆ, ಈಗ ಕೇಳುತ್ತಿರುವುದು ಇವರನ್ನು ಎಂದಳು ಅವಳು, ಅವನ ಕಡೆ ನೋಡದೆ.

"ಗೊತ್ತಿದ್ದಿದ್ರೆ ಬೆಳಿಗ್ಗೆನೇ ನೋಡ್ತಿದ್ದೆ. ನನ್ನ ಕೂಸಿನ ಕಾಲು ನಾನು ನೋಡ್ತಿರ್ಲಿಲ್ವಾ?"

ಲಾನ್‌ಗೆ ಇಂಗ್ಲಿಷಿನಲ್ಲಿ ಆ ಮಾತನ್ನೂ ಪೂರ್ತಿ ಹೇಳಿದೆ.

ಏನಾಯಿತೆಂದು ಆಸ್ಪತ್ರೆಗೆ ಬರೆದುಕೊಟ್ಟೆ. ನೀರಿನ ನಲ್ಲಿಯ ಹತ್ತಿರ ನಡೆದದ್ದನ್ನೂ ಬರೆದೆ, ಆದರೆ ಹೊಣೆ ನನ್ನದೆಂದೇ ಬರೆದೆ. ಆರು ವಾರ ಕೆಲಸವಿರಲಿಲ್ಲ, ಮತ್ತೆ ಮೊದಲಿನಿಂದ ತರಬೇತಿ. ಆ ದಿನಗಳಲ್ಲೊಮ್ಮೆ ಲಾನ್ ಹೇಳಿದರು, ನೀನು ಮಾತು ಬಿಟ್ಟದ್ದು ಕರುಣೆಯಿಂದ ಅಂದುಕೊಂಡಿದ್ದೀಯ, ಆ ಹುಡುಗಿ ದುರ್ಬಲಳು ಎಂದು ಅವಳನ್ನು ಕೇಳದೆ ನೀನೇ ತೀರ್ಮಾನಿಸಿದ್ದೆ, ಅಷ್ಟೆ. ತಾನು ಹತ್ತು ವರ್ಷದವಳಾಗಿದ್ದಾಗ ಅಪ್ಪನಿಗೆ ಕ್ಯಾನ್ಸರ್ ಎಂಬ ಮಾತನ್ನು ಹೇಳದೆ ಬಿಟ್ಟಿದ್ದೆ ಎಂದೂ ಹೇಳಿದರು. ಮುಂದೇನಾಯಿತೆಂದು ಹೇಳಲಿಲ್ಲ.

ಐದು ತಿಂಗಳ ಮೇಲೆ ಆ ಜಾಗ ಮತ್ತೆ ಸ್ವಲ್ಪ ಬಿಗಿಯಾಯಿತು. ಇನ್ನೊಂದು ಸಲ ಬಲೂನು ಬೇಕಾಯಿತು. ಯಾವ ಇಂಟರ್‌ಪ್ರಿಟರ್ ಬೇಕೆಂದು ಲಾನ್ ಸವಿತಾಳನ್ನೇ ಕೇಳಿದರಂತೆ. ಬೇರೆ ರಾಜ್ಯದಿಂದ ಪರದೆಯ ಮೇಲೆ ಬರುವ ಒಬ್ಬರಿದ್ದರು. ಸವಿತಾ ಕೊಟ್ಟ ಉತ್ತರವನ್ನು ಲಾನ್ ನನಗೆ ಓದಿ ಹೇಳಿದರು. ನಸೀಮಾ ಅವರೇ ಬರಲಿ, ಮಾತು ಬಿಡಲು ಅವರಿಗೆ ಈಗ ಹೆದರಿಕೆ ಇದೆ.

ಹೋದೆ. ಆ ದಿನ ಮನೆಯಿಂದ ಹೊರಡುವಾಗ ಮೂರು ಸಲ ಬೀಗ ನೋಡಿದ್ದೆ. ಮಹೇಶ ಕೂಸನ್ನು ಎತ್ತಿಕೊಂಡಿದ್ದ, ನನಗೆ ನಮಸ್ಕಾರ ಹೇಳಿ ಕಿಟಕಿಯ ಕಡೆ ಹೋದ. ಸವಿತಾ ಕೈಯಲ್ಲಿ ಪೆನ್ನು ಹಿಡಿದು ನೇರವಾಗಿ ಕುಳಿತಿದ್ದಳು. ಡಾ. ಮಾರ್ಗರೆಟ್ ಎಂದಿನಂತೆ ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ನಾನು ಎಲ್ಲವನ್ನೂ ಹೇಳಿದೆ. ಕಾಲು ಹೋಗಬಹುದು. ಮಗು ಸಾಯಬಹುದು. ಅವಳಿಗಿಂತ ಮೊದಲು ನನ್ನ ಕಣ್ಣು ಕೆಳಗಾಯಿತು.

"ಇನ್ನೊಂದ್ ಸಲ ಹೇಳಿ," ಅಂದಳು.

ಮತ್ತೆ ಹೇಳಿದೆ. ಅವಳು ಹೂಂ ಎಂದಳು. ಪೆನ್ನು ಕಾಗದದ ಮೇಲಿಡಲಿಲ್ಲ.

"ಆ ಬಲಗಾಲಿಂದ ಬೇಡ. ಬೇರೆ ದಾರಿ ಇದೆಯಾ ಕೇಳಿ. ಕಾಲಲ್ಲಿ ನಾಡಿ ನಿಂತ್ರೆ ಎಷ್ಟು ಹೊತ್ತಿನೊಳಗೆ ಗೊತ್ತಾಗಬೇಕು ಕೇಳಿ. ಈ ಸಲ ನಾಡಿ ನೋಡೋದು ನನಗೂ ಕಲಿಸ್ತಾರಾ, ಕೇಳಿ."

ಮೂರು ಪ್ರಶ್ನೆಯನ್ನೂ ಕೇಳಿದೆ. ಡಾಕ್ಟರು ಕೈಯಲ್ಲಿದ್ದ ಟ್ಯಾಬ್ಲೆಟ್ ಮೇಜಿನ ಮೇಲಿಟ್ಟು, ಕುರ್ಚಿ ಎಳೆದುಕೊಂಡು, ಅವಳ ಎದುರು ಕುಳಿತರು.